ಸ್ಕ್ಯಾನಿಂಗ್‌ಗೆ ಮೊದಲು ಕಾಫಿ ಬೇಡ

ನೋಡಮ್ಮ, ಅಪ್ಪನಿಗೆ ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ ಅಂದೆಯಲ್ಲ, ಹೋಗುವ ಮುಂಚೆ ಒಂದೆರಡು ಮಾತು. ಆರರಿಂದ ಎಂಟು ಗಂಟೆ ಹೊಟ್ಟೆ ಖಾಲಿಯಿರಬೇಕು. ‘ಅರ್ಧ ಲೋಟ ಕಾಫಿ ತಾನೇ’ ಅನ್ನಬೇಡ. ಹಾಲಿನ ಕೊಬ್ಬು ಕರುಳಿಗಿಳಿದರೆ ಸಾಕು, ಪಿತ್ತಕೋಶ ಹಿಂಡಿಕೊಂಡು ಪಿತ್ತರಸವನ್ನು ಹೊರಹಾಕುತ್ತದೆ. ಮುದುಡಿದ ಚೀಲದೊಳಗೆ ಕಲ್ಲಿದೆಯೋ ಇಲ್ಲವೋ ಹೇಳುವುದು ಕಷ್ಟ. ಅಪ್ಪನಿಗೆ ಶುಗರ್ ಬೇರೆ ಇದೆ; ಬೆಳಗಿನ ಮೊದಲ ಸರದಿಯನ್ನೇ ಕೇಳು. ಮಾತ್ರೆ ಯಾವಾಗ ಕೊಡಬೇಕೆಂದು ಡಾಕ್ಟರನ್ನು ವಿಚಾರಿಸದೆ ಖಾಲಿ ಹೊಟ್ಟೆಗೆ ನುಂಗಿಸಬೇಡ.

ರಿಪೋರ್ಟಿನಲ್ಲಿ ‘ಡಿಸ್ಟೆಂಡೆಡ್’ ಅಂತ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಉಪವಾಸವಿದ್ದವರ ಪಿತ್ತಕೋಶ ತುಂಬಿಕೊಂಡೇ ಇರುತ್ತದೆ. ಉದ್ದ 10 ಸೆಂಟಿಮೀಟರ್, ಅಗಲ 4 ಸೆಂಟಿಮೀಟರ್ ದಾಟಿದರೆ ಹಿಗ್ಗಿದೆ ಅನ್ನುತ್ತಾರೆ. ಅಳತೆಯೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ಗೋಡೆ 3 ಮಿಲಿಮೀಟರಿಗಿಂತ ದಪ್ಪವಾಗಿದೆಯೇ, ಸುತ್ತ ನೀರು ಕಟ್ಟಿದೆಯೇ, ಪಿತ್ತಕೋಶದ ಕತ್ತಿನಲ್ಲಿ ಕಲ್ಲು ಸಿಕ್ಕಿಕೊಂಡಿದೆಯೇ, ಪಿತ್ತನಾಳ ಅಗಲವಾಗಿದೆಯೇ, ಇವನ್ನೆಲ್ಲ ಕೂಡಿಸಿ ನೋಡಬೇಕು.

ಕಲ್ಲಿದ್ದರೆ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು. ಎಡಕ್ಕೆ ಹೊರಳಿ ಅಂದಾಗ ಅಪ್ಪ ಗೊಣಗದೆ ಹೊರಳಲಿ. ಸಾಮಾನ್ಯವಾಗಿ ಕಲ್ಲಾದರೆ ಜಾರುತ್ತದೆ, ಪಾಲಿಪ್ ಅನ್ನುವ ಸಣ್ಣ ಗಂಟಾದರೆ ಗೋಡೆಗೇ ಅಂಟಿಕೊಂಡಿರುತ್ತದೆ. ಬಲಪಕ್ಕೆಯ ಕೆಳಗೆ ಪ್ರೋಬ್ ಒತ್ತಿದಾಗ ನೋವಾದರೆ ಬಾಯಿಬಿಟ್ಟು ಹೇಳಲಿ. ನಮ್ಮ ಗಂಡಸರು ಅಲ್ಲಿಯೂ ಹಲ್ಲುಕಚ್ಚಿಕೊಂಡು ಶೌರ್ಯ ತೋರಿಸುತ್ತಾರೆ! ಆ ನೋವೇ ಉರಿಯೂತದ ದೊಡ್ಡ ಸುಳಿವು. ಮೊದಲೇ ನೋವಿನ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನೂ ತಿಳಿಸು.

ಇನ್ನು, ನೋವೇ ಇಲ್ಲದೆ ಕಣ್ಣು ಹಳದಿಯಾಗಿ, ಪಿತ್ತಕೋಶವೂ ಊದಿಕೊಂಡಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡ. ಅಂಥ ಊತ ಕಲ್ಲಿನಿಂದ ಬರುವುದು ಅಪರೂಪ ಎಂದು ಸ್ವಿಟ್ಜರ್ಲೆಂಡಿನ ಸರ್ಜನ್ ಕೂರ್ವಾಸಿಯೆ 1890ರಲ್ಲೇ ಬರೆದಿದ್ದ. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗೆಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿರಬಹುದು. ಆ ನಾಳದ ಕೆಳತುದಿ ಕರುಳಿನ ಗಾಳಿಯ ಮರೆಯಲ್ಲಿ ಅವಿತಿರುತ್ತದೆ, ಅಲ್ಟ್ರಾಸೌಂಡಿಗೆ ಎಷ್ಟೋ ಸಲ ಸಿಗುವುದೇ ಇಲ್ಲ. ಹಾಗಾಗಿ ಸಿಟಿ ಸ್ಕ್ಯಾನನ್ನೋ, ಎಂಆರ್‌ಸಿಪಿ ಅನ್ನುವ ಪಿತ್ತನಾಳದ ಎಂಆರ್‌ಐಯನ್ನೋ ಬರೆದುಕೊಟ್ಟರೆ ‘ದುಡ್ಡು ಹೊಡೆಯೋಕೆ’ ಅಂದುಕೊಂಡು ಮನೆಗೆ ಬಂದುಬಿಡಬೇಡ. ಕಾಮಾಲೆ ಅಂದ ಕೂಡಲೇ ನಾಟಿ ಔಷಧಿ ಕೊಡಿಸಲು ಹೊರಡುವ ನೆಂಟರೂ ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸು.

ಚಳಿಜ್ವರದ ಜೊತೆ ಬಲಪಕ್ಕೆ ನೋವು ಶುರುವಾದರೆ ಮಾತ್ರ ಸ್ಕ್ಯಾನಿಂಗ್ ದಿನದವರೆಗೆ ಕಾಯಬೇಡ, ಆ ರಾತ್ರಿಯೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗು.