ನಕಲು ಹೋಯ್ತು, ಬ್ಯಾಕಪ್ ಆಯ್ತಾ?

ಕಬ್ಬು ನುರಿಸುವ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ ಸುತ್ತ ನಿಂತು ನೋಡ್ರಿ, ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಒಂದೊಂದು ಲೋಡಿನ ತೂಕವೂ ಡೇಟಾಬೇಸಿನಲ್ಲಿ ಒಂದು ಸಾಲು ಅಂದುಕೊಳ್ಳಿ. ಆ ಸಾಲು ಅಳಿಸಿದರೆ ರೈತನ ಬಿಲ್ಲಿಗೆ ಲೆಕ್ಕವೇ ಇಲ್ಲ. ಅಂಥ ಡೇಟಾಬೇಸಿನ ಬ್ಯಾಕಪ್ ದಿನಾ ರಾತ್ರಿ ತಾನಾಗಿಯೇ ಇನ್ನೊಂದು ಲಿನಕ್ಸ್ ಸರ್ವರಿಗೆ ಹೋಗುವಂತೆ ಮಾಡೋದು ಹೇಗೆ?

1. ಡಂಪ್: ಓಡುತ್ತಿರುವ ಡೇಟಾಬೇಸಿನ ಫೈಲುಗಳನ್ನು ನೇರವಾಗಿ ನಕಲು ಮಾಡಬೇಡಿ. ನಕಲಾಗುವಾಗಲೇ ಅವು ಬದಲಾಗುತ್ತಿರುತ್ತವೆ. ಮೈಎಸ್‌ಕ್ಯೂಎಲ್‌ಡಂಪ್ ಅಥವಾ ಪಿಜಿ-ಡಂಪ್‌ನಿಂದ ಪ್ರತಿದಿನ ತಾರೀಖಿನ ಹೆಸರಿನ ಹೊಸ ಫೈಲು ತೆಗೆಯಿರಿ.

2. ಕೀಲಿ: ಬ್ಯಾಕಪ್ ಸರ್ವರೇ ಬಂದು ಫೈಲನ್ನು ಎಳೆದುಕೊಳ್ಳಲಿ. ಎಸ್‌ಎಸ್‌ಎಚ್ ಕೀಲಿ ಅದರ ಹತ್ತಿರವೇ ಇರಲಿ. ಆಗ ಡೇಟಾಬೇಸ್ ಸರ್ವರಿಗೆ ಕಳ್ಳ ನುಗ್ಗಿದರೂ ಹಳೆಯ ಬ್ಯಾಕಪ್‌ಗೆ ಕೈ ಹಾಕಲು ದಾರಿ ಇರಲ್ಲ.

3. ಆರ್‌ಸಿಂಕ್: 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮ್ಯಾಕೆರಾಸ್ ಹೊರತಂದ ಇದು, ಎರಡು ಕಡೆಯ ಫೈಲುಗಳನ್ನು ಹೋಲಿಸಿ ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ. ಆದರೆ 'ಡಿಲೀಟ್' ಆಯ್ಕೆ ಕೊಟ್ಟರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಬ್ಯಾಕಪ್‌ಗೆ ಅದು ಬೇಡ. ಮೊದಲ ಸಲ 'ಡ್ರೈ ರನ್' ಮಾಡಿಯೇ ನೋಡಿ.

4. ಕ್ರಾನ್: 30 2 * * * ಅಂದರೆ ದಿನಾ ರಾತ್ರಿ ಎರಡೂವರೆ. ಐದು ಜಾಗ ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಡಂಪ್‌ಗೆ ಇದು, ಎಳೆಯಲು ಬ್ಯಾಕಪ್ ಸರ್ವರಿನಲ್ಲಿ 30 3 * * *. ಕಮಾಂಡಿಗೆ ಪೂರ್ತಿ ಪಾಥ್ ಕೊಡಿ. ಕ್ರಾನ್ ಸಾಲಿನಲ್ಲೇ ತಾರೀಖು ಬರೆದರೆ % ಚಿಹ್ನೆಯ ಮುಂದೆ \ ಹಾಕೋದು ಮರೀಬೇಡಿ.

ಆತು, ಮುಗೀತು ಅಂದುಕೊಂಡರೆ ಅಲ್ಲೇ ಎಡವಟ್ಟು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಫೋಲ್ಡರ್ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಡಂಪ್ ಇರಲೇ ಇಲ್ಲ! ಡೇಟಾಬೇಸ್ 9.6, ಪಿಜಿ-ಡಂಪ್ ಮಾತ್ರ 9.2. ಪ್ರತಿ ಸಲವೂ ವಿಫಲವಾಗುತ್ತಿತ್ತು, ಆ ಸುದ್ದಿಯ ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆ ಆರು ಗಂಟೆಯ ಡೇಟಾ ಮಾತ್ರ ಹೋಯ್ತು.

ಇನ್ನೊಂದು ಮಾತು. ಎರಡೂ ಸರ್ವರ್ ಒಂದೇ ಕೋಣೆಯಲ್ಲಿ ಬೇಡ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿದ್ದು ನೆನಪಿದೆಯಲ್ಲ? ನೀರು ಮೇನ್ ಯಾವುದು, ಬ್ಯಾಕಪ್ ಯಾವುದು ಅಂತ ಕೇಳಲ್ಲ.

ಈ ವಾರದ ಅಭ್ಯಾಸ: ಲ್ಯಾಬಿನಲ್ಲಿ ಎರಡು ವರ್ಚುವಲ್ ಮಷೀನ್ ಎಬ್ಬಿಸಿ, ಮೇಲಿನದೆಲ್ಲ ಮಾಡಿ. ಮರುದಿನ ಮೊದಲನೆಯದರ ಡೇಟಾಬೇಸ್ ಅಳಿಸಿ, ಎರಡನೆಯದರಲ್ಲಿರುವ ಡಂಪ್‌ನಿಂದ ಮತ್ತೆ ನಿಲ್ಲಿಸಿ, ಸಾಲುಗಳನ್ನು ಎಣಿಸಿ. ಲೆಕ್ಕ ಸರಿ ಬಂದರೆ ಮಾತ್ರ ಅದು ಬ್ಯಾಕಪ್.