ಅಳತೆ ಮೀರಿದ ಅಕ್ಷರಗಳು

1988ನೆಯ ಇಸವಿ ನವೆಂಬರ್ 2ರ ರಾತ್ರಿ ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳ ಗಣಕಯಂತ್ರಗಳು ಒಂದೊಂದಾಗಿ ಮಂದಗತಿಗಿಳಿದವು. ಅವುಗಳಿಗೆ ಯಾರೂ ಹೊಸ ಕೆಲಸವನ್ನು ಒಪ್ಪಿಸಿರಲಿಲ್ಲ. ಆದರೂ ಅವು ಬಿಡುವಿಲ್ಲದೆ ದುಡಿಯುತ್ತಿದ್ದವು. ನಿಲ್ಲಿಸಿ ಮತ್ತೆ ಚಾಲನೆಗೊಳಿಸಿದರೂ ಪ್ರಯೋಜನವಾಗಲಿಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾದ ರಾಬರ್ಟ್ ಮಾರಿಸ್ ಎಂಬಾತನು ರಚಿಸಿದ ಕ್ರಮವಿಧಿಯೊಂದು, ಇಂಟರ್‌ನೆಟ್ಟಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಿದು ತನ್ನ ಪ್ರತಿಗಳನ್ನು ತಾನೇ ಬೆಳೆಸಿಕೊಳ್ಳುತ್ತಿತ್ತು. ಅದಕ್ಕೆ ‘ಮಾರಿಸ್ ಹುಳು’ ಎಂಬ ಹೆಸರು ನಿಂತಿತು.

ಹುಳು ಒಳನುಗ್ಗಲು ಬಳಸಿದ ದಾರಿಗಳು ಹಲವು. ಅವುಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹವಾದುದು.

ಹೊರಗಿನಿಂದ ಬರುವ ಅಕ್ಷರಗಳನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳಲು ಕ್ರಮವಿಧಿಯು ಗಣಕಯಂತ್ರದ ಸ್ಮರಣಕೋಶದಲ್ಲಿ ಕಾದಿರಿಸುವ ಸ್ಥಳಕ್ಕೆ ‘ಬಫರ್’ ಎಂದು ಹೆಸರು. ಅದು ತೋಟದಲ್ಲಿ ನೀರು ಹಾಯಿಸುವ ಪಾತಿಯಂತೆ. ಪಾತಿ ತುಂಬಿದೊಡನೆ ತೋಟಗಾರನು ಕಾಲುವೆಯ ಬಾಯಿಗೆ ಮಣ್ಣು ಕೊಟ್ಟು ನೀರನ್ನು ಕಟ್ಟುತ್ತಾನೆ. ಆತನು ಮೈಮರೆತರೆ ನೀರು ಬದುವನ್ನು ಕೊಚ್ಚಿಕೊಂಡು ಪಕ್ಕದ ಪಾತಿಗೆ ನುಗ್ಗುತ್ತದೆ. ತೋಟದಲ್ಲಿ ಬದುವಾದರೂ ಉಂಟು. ಕ್ರಮವಿಧಿಯ ಒಂದು ಬಫರಿಗೂ ಅದರ ನೆರೆಯ ಸ್ಥಳಕ್ಕೂ ನಡುವೆ ಅಂತಹ ಬದುವಿರಲಿಲ್ಲ. ಅಳತೆ ನೋಡುವ ಹೊಣೆಯೆಲ್ಲವೂ ಕ್ರಮವಿಧಿಯನ್ನು ಬರೆದವರದೇ ಆಗಿತ್ತು.

ಯಂತ್ರವನ್ನು ಯಾರು ಬಳಸುತ್ತಿದ್ದಾರೆಂದು ದೂರದಿಂದ ಕೇಳಿದವರಿಗೆ ತಿಳಿಸುವ ‘ಫಿಂಗರ್’ ಎಂಬ ಸೇವೆಯೊಂದು ಆಗ ಬಳಕೆಯಲ್ಲಿತ್ತು. ಕೇಳುವವರು ಕಳುಹಿಸುವ ಹೆಸರಿಗಾಗಿ ಅದರಲ್ಲಿ 512 ಬೈಟುಗಳ ಬಫರನ್ನು ಕಾದಿರಿಸಲಾಗಿತ್ತು. ಯಾವ ಮನುಷ್ಯನ ಹೆಸರು ತಾನೇ ಅಷ್ಟು ಉದ್ದವಿದ್ದೀತು! ಆದರೆ ಆ ಹೆಸರನ್ನು ಓದಿಕೊಳ್ಳುತ್ತಿದ್ದ, ಸಿ ಭಾಷೆಯ ‘ಗೆಟ್ಸ್’ ಎಂಬ ವಿಧಿಗೆ ಬಫರಿನ ಅಳತೆಯೇ ತಿಳಿಯದು. ಸಾಲು ಮುಗಿಯುವವರೆಗೂ ಅದು ಅಕ್ಷರಗಳನ್ನು ಸುರಿಯುತ್ತಲೇ ಇರುತ್ತದೆ. ಹುಳುವು ಹೆಸರಿನ ಬದಲು 536 ಬೈಟುಗಳನ್ನು ಕಳುಹಿಸಿತು.

ಮಿಕ್ಕ 24 ಬೈಟುಗಳು ಬಫರನ್ನು ದಾಟಿ ನೆರೆಯ ಸ್ಥಳದ ಮೇಲೆ ಬಿದ್ದವು. ಕೈಯಲ್ಲಿರುವ ಕೆಲಸ ಮುಗಿದ ಬಳಿಕ ಯಂತ್ರವು ಎಲ್ಲಿಗೆ ಹಿಂದಿರುಗಬೇಕೆಂಬ ವಿಳಾಸವು ಅಲ್ಲಿಯೇ ಇತ್ತು. ಹಳೆಯ ವಿಳಾಸ ಅಳಿಯಿತು. ಹುಳುವು ಬರೆದ ವಿಳಾಸ ಉಳಿಯಿತು. ಅದು ತೋರಿಸಿದ್ದು ಬಫರನ್ನೇ. ಅಲ್ಲಿ ಹೆಸರಿನ ವೇಷದಲ್ಲಿ ಅಡಗಿದ್ದ ಆಜ್ಞೆಗಳನ್ನು ಯಂತ್ರವು ಚಾಚೂ ತಪ್ಪದೆ ಪಾಲಿಸಿತು. ಓದಲು ಬಂದ ಅಕ್ಷರ ಯಾವುದು, ನಡೆಸಬೇಕಾದ ಆಜ್ಞೆ ಯಾವುದು ಎಂಬ ವಿವೇಚನೆ ಅದಕ್ಕೆಲ್ಲಿಯದು? ಈ ಉಪಾಯವು ‘ವ್ಯಾಕ್ಸ್’ ಜಾತಿಯ ಯಂತ್ರಗಳಲ್ಲಿ ಮಾತ್ರ ಫಲಿಸಿತು.

ಹುಳುವು ಕಡತಗಳನ್ನು ಅಳಿಸಲಿಲ್ಲ. ಯಂತ್ರದಲ್ಲಿ ತನ್ನ ಪ್ರತಿಯೊಂದು ಮೊದಲೇ ಇದ್ದರೂ, ಏಳರಲ್ಲಿ ಒಂದು ಸಲ ಮತ್ತೊಂದು ಪ್ರತಿಯು ಅಲ್ಲಿಯೇ ನೆಲಸುವಂತೆ ಅದನ್ನು ರಚಿಸಲಾಗಿತ್ತು. ಆ ಪ್ರತಿಗಳ ಭಾರದಿಂದಲೇ ಯಂತ್ರಗಳು ಕುಸಿದವು. ಇಂತಹ ಅಪಾಯಗಳನ್ನು ಎದುರಿಸಲು ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ತಜ್ಞರ ತಂಡವೊಂದು ಏರ್ಪಟ್ಟಿತು. 1990ರಲ್ಲಿ ನ್ಯಾಯಾಲಯವು ಮಾರಿಸನಿಗೆ ಸೆರೆವಾಸವನ್ನು ವಿಧಿಸದೆ, ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರುಗಳ ದಂಡವನ್ನು ವಿಧಿಸಿತು. ಅಳತೆಯನ್ನರಿಯದ ‘ಗೆಟ್ಸ್’ ಮಾತ್ರ ಇನ್ನೂ ಬಹುಕಾಲ ಉಳಿದುಕೊಂಡಿತ್ತು. ಸಿ ಭಾಷೆಯ ಅಧಿಕೃತ ನಿಯಮಾವಳಿಯಿಂದ ಅದನ್ನು ತೆಗೆದುಹಾಕಿದ್ದು 2011ರಲ್ಲಿ.