ಒಂದು ದೇಶ ತನ್ನ ಹಾಡನ್ನು ಆರಿಸುವ ಬಗೆ



"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಊಟವನ್ನು ನಮಗೆ ರುಚಿಸುವಂತೆ ಮಾಡಬೇಕು, ಉಡುಗೆಯನ್ನು ನೋಡುವವರು ಮೆಚ್ಚುವಂತೆ ತೊಡಬೇಕು ಎಂದು ಅದರ ಅರ್ಥ. ಹಾಗಾದರೆ ಹಾಡು ಯಾರ ಇಚ್ಛೆ? ಹಾಡುವವನದೋ, ಕೇಳುವವನದೋ? ಒಂದು ದೇಶವು ಹತ್ತಾರು ದೇಶಗಳ ಮುಂದೆ ತನ್ನ ಪರವಾಗಿ ಒಂದೇ ಒಂದು ಹಾಡನ್ನು ಕಳುಹಿಸಬೇಕಾಗಿ ಬಂದಾಗ ಈ ಪ್ರಶ್ನೆ ಸುಲಭವಲ್ಲ. ಯೂರೋಪಿನ ಸ್ವೀಡನ್ ದೇಶ ಇದಕ್ಕೆ ಹೇಗೆ ಉತ್ತರ ಕಂಡುಕೊಂಡಿತು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ. ಭಾಷೆ ಕಲಿಯುವ ನಮಗೆ ಇದರಲ್ಲಿ ಯೋಚಿಸಬೇಕಾದ ಸಂಗತಿ ಬಹಳಷ್ಟಿದೆ.

1. ಸ್ಪರ್ಧೆಯ ಪರಿಚಯ

ಯೂರೋಪಿನ ಸಾರ್ವಜನಿಕ ರೇಡಿಯೋ ಮತ್ತು ಟಿ.ವಿ. ಸಂಸ್ಥೆಗಳು ಸೇರಿ ಕಟ್ಟಿಕೊಂಡ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎಂಬ ಒಕ್ಕೂಟವಿದೆ. ಅದು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಒಂದು ಹಾಡಿನ ಸ್ಪರ್ಧೆಯನ್ನು ಏರ್ಪಡಿಸಿತು. ಆಗ ಭಾಗವಹಿಸಿದ್ದು ಏಳೇ ದೇಶಗಳು. ಇಂದು 'ಯೂರೋವಿಷನ್' ಎಂದು ಪ್ರಸಿದ್ಧವಾಗಿರುವ ಸ್ಪರ್ಧೆ ಅದೇ. 2025ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನಡೆದ ಸ್ಪರ್ಧೆಗೆ 37 ದೇಶಗಳು ಬಂದಿದ್ದವು.

ನಿಯಮಗಳು ಸರಳ. ಹಾಡು ಹೊಸದಾಗಿರಬೇಕು, ಮೂರು ನಿಮಿಷ ಮೀರಬಾರದು. ವೇದಿಕೆಯ ಮೇಲೆ ಆರು ಜನರಿಗಿಂತ ಹೆಚ್ಚು ಇರುವಂತಿಲ್ಲ. ಮುಖ್ಯ ಗಾಯಕರು ಅಲ್ಲಿಯೇ ನೇರವಾಗಿ ಹಾಡಬೇಕು. ಪ್ರತಿ ದೇಶವೂ ಇತರ ದೇಶಗಳ ಹಾಡುಗಳಿಗೆ ಅಂಕ ಕೊಡುತ್ತದೆ. ಅತ್ಯುತ್ತಮ ಎನಿಸಿದ ಹಾಡಿಗೆ 12, ಎರಡನೆಯದಕ್ಕೆ 10, ಮೂರನೆಯದಕ್ಕೆ 8, ಆಮೇಲೆ 7ರಿಂದ 1ರವರೆಗೆ. ತನ್ನ ದೇಶದ ಹಾಡಿಗೆ ತಾನೇ ಮತ ಹಾಕುವಂತಿಲ್ಲ! ಅಂದರೆ ಗೆಲ್ಲಬೇಕಾದರೆ ಹೊರಗಿನವರ ಮನಸ್ಸನ್ನೇ ಗೆಲ್ಲಬೇಕು.

2. ಆರಿಸುವವರು ಯಾರು?

ಹಾಡನ್ನು ಹೇಗೆ ಆರಿಸಬೇಕು ಎಂಬುದನ್ನು ಆಯಾ ದೇಶದ ಪ್ರಸಾರ ಸಂಸ್ಥೆಯೇ ತೀರ್ಮಾನಿಸುತ್ತದೆ. ಕೆಲವು ದೇಶಗಳಲ್ಲಿ ಸಂಸ್ಥೆಯ ಅಧಿಕಾರಿಗಳು ಮತ್ತು ತಜ್ಞರು ಒಳಗೊಳಗೇ ಗಾಯಕರನ್ನು ಗೊತ್ತುಮಾಡುತ್ತಾರೆ. ಬ್ರಿಟನ್ನಿನಲ್ಲಿ ಕೆಲವು ವರ್ಷ ಜನರ ಮತದಿಂದ, ಕೆಲವು ವರ್ಷ ಬಿ.ಬಿ.ಸಿ.ಯ ನೇರ ಆಯ್ಕೆಯಿಂದ ಹಾಡು ಹೋಗಿದೆ. ಇಟಲಿಯಲ್ಲಿ 1951ರಿಂದ ನಡೆಯುತ್ತಿರುವ ಸಾನ್‌ರೆಮೋ ಸಂಗೀತೋತ್ಸವವಿದೆ. ಯೂರೋವಿಷನ್ ಹುಟ್ಟಿಗೆ ಅದೇ ಪ್ರೇರಣೆ.

ಸ್ವೀಡನ್ ಈ ಸ್ಪರ್ಧೆಗೆ ಮೊದಲು ಬಂದದ್ದು 1958ರಲ್ಲಿ. ಮರುವರ್ಷದಿಂದಲೇ ಅಲ್ಲಿ ಆಯ್ಕೆಗಾಗಿ ಒಂದು ರಾಷ್ಟ್ರೀಯ ಸ್ಪರ್ಧೆ ಆರಂಭವಾಯಿತು. ಅದರ ಹೆಸರು 'ಮೆಲೋಡಿಫೆಸ್ಟಿವಾಲೆನ್'. ಜನ ಪ್ರೀತಿಯಿಂದ 'ಮೆಲ್ಲೋ' ಎನ್ನುತ್ತಾರೆ. ಮೊದಲೆಲ್ಲ ಒಂದೇ ಸಂಜೆಯ ಕಾರ್ಯಕ್ರಮವಾಗಿದ್ದ ಅದು 2002ರಿಂದ ಊರೂರು ಸುತ್ತುವ ಜಾತ್ರೆಯಂತಾಗಿದೆ. ಚಳಿಗಾಲದ ಶನಿವಾರಗಳಂದು ಒಂದೊಂದು ವಾರ ಒಂದೊಂದು ನಗರದಲ್ಲಿ ಪೂರ್ವಭಾವಿ ಸುತ್ತುಗಳು, ಕೊನೆಗೆ ರಾಜಧಾನಿ ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿರುವ ದೊಡ್ಡ ಕ್ರೀಡಾಂಗಣದಲ್ಲಿ ಅಂತಿಮ ಸುತ್ತು. 2025ರಲ್ಲಿ 30 ಹಾಡುಗಳು ಕಣಕ್ಕಿಳಿದು 12 ಹಾಡುಗಳು ಅಂತಿಮ ಸುತ್ತಿಗೆ ಬಂದವು. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ನೋಡುವ ಕಾರ್ಯಕ್ರಮವಿದು.

3. ಮತ ಎಣಿಸುವ ಜಾಣ್ಮೆ

ಅಂತಿಮ ಸುತ್ತಿನಲ್ಲಿ ಅರ್ಧ ಅಂಕ ಜನರದು, ಉಳಿದರ್ಧ ಬೇರೆ ಬೇರೆ ದೇಶಗಳ ತೀರ್ಪುಗಾರರದು. ಮನೆಯವರಿಗೂ ಇಷ್ಟವಾಗಬೇಕು, ಹೊರಗಿನವರಿಗೂ ರುಚಿಸಬೇಕು ಎಂಬುದು ಇದರ ಹಿಂದಿನ ಯೋಚನೆ.

ಜನರ ಮತವನ್ನು ಎಣಿಸುವ ಕ್ರಮ ಇನ್ನೂ ಸ್ವಾರಸ್ಯಕರ. 2019ರಿಂದ ಮೊಬೈಲ್ ಆ್ಯಪ್‌ನಲ್ಲಿ ಮತ ಹಾಕುವವರನ್ನು ವಯಸ್ಸಿನ ಪ್ರಕಾರ ಏಳು ಗುಂಪು ಮಾಡುತ್ತಾರೆ: 3ರಿಂದ 9, 10ರಿಂದ 15, 16ರಿಂದ 29, 30ರಿಂದ 44, 45ರಿಂದ 59, 60ರಿಂದ 74, ಹಾಗೂ 75 ದಾಟಿದವರು. ದೂರವಾಣಿ ಕರೆಗಳದು ಎಂಟನೆಯ ಗುಂಪು. ಗುಂಪು ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲ ಗುಂಪುಗಳ ಅಂಕಗಳಿಗೂ ಒಂದೇ ತೂಕ. ಮೂರು ವರ್ಷದ ಪುಟಾಣಿಗಳಿಗೂ ಎಂಬತ್ತರ ಅಜ್ಜಿಯರಿಗೂ ಅಲ್ಲಿ ಸಮಪಾಲು!

ಇದರಿಂದ ಏನು ವ್ಯತ್ಯಾಸ? ಒಂದು ಲೆಕ್ಕ ಮಾಡಿ ನೋಡೋಣ. ಒಂದು ಶಾಲೆಯಲ್ಲಿ 400 ಮಕ್ಕಳಿದ್ದಾರೆ ಎಂದುಕೊಳ್ಳಿ. ಕೆಳಗಿನ ತರಗತಿಗಳಲ್ಲಿ 60, ನಡುವಿನ ತರಗತಿಗಳಲ್ಲಿ 240, ಮೇಲಿನ ತರಗತಿಗಳಲ್ಲಿ 100. ವಾರ್ಷಿಕೋತ್ಸವಕ್ಕೆ 'ಅ' ಮತ್ತು 'ಆ' ಎಂಬ ಎರಡು ಹಾಡುಗಳಲ್ಲಿ ಒಂದನ್ನು ಆರಿಸಬೇಕು.

ಕೆಳಗಿನ ತರಗತಿಗಳು: 'ಅ'ಗೆ 15 ಮತ, 'ಆ'ಗೆ 45 ಮತ.
ನಡುವಿನ ತರಗತಿಗಳು: 'ಅ'ಗೆ 170 ಮತ, 'ಆ'ಗೆ 70 ಮತ.
ಮೇಲಿನ ತರಗತಿಗಳು: 'ಅ'ಗೆ 40 ಮತ, 'ಆ'ಗೆ 60 ಮತ.

ಎಲ್ಲ ಮತಗಳನ್ನು ಒಟ್ಟಿಗೆ ಕೂಡಿದರೆ 'ಅ'ಗೆ 225, 'ಆ'ಗೆ 175. ಆದ್ದರಿಂದ 'ಅ' ಗೆದ್ದಿತು. ಈಗ ಸ್ವೀಡನ್ನಿನ ಕ್ರಮದಲ್ಲಿ ಎಣಿಸಿ. ಪ್ರತಿ ಗುಂಪೂ ತನ್ನ ಮೊದಲ ಆಯ್ಕೆಗೆ 12, ಎರಡನೆಯದಕ್ಕೆ 10 ಅಂಕ ಕೊಡಲಿ. 'ಅ'ಗೆ 10, 12, 10 ಸೇರಿ 32. 'ಆ'ಗೆ 12, 10, 12 ಸೇರಿ 34. ಈಗ ಗೆದ್ದದ್ದು 'ಆ'! ಮತ ಹಾಕಿದವರು ಅವರೇ, ಹಾಕಿದ ಮತಗಳೂ ಅವೇ. ಎಣಿಸುವ ಬಗೆ ಬದಲಾದಾಗ ಫಲಿತಾಂಶವೂ ಬದಲಾಯಿತು. ಯಾವುದು ಹೆಚ್ಚು ನ್ಯಾಯ? ದೊಡ್ಡ ಗುಂಪಿನವರು "ನಮ್ಮ ಮತಕ್ಕೆ ಬೆಲೆಯಿಲ್ಲವೇ?" ಎನ್ನಬಹುದು. ಚಿಕ್ಕವರು "ಯಾವಾಗಲೂ ನೀವೇ ಗೆಲ್ಲಬೇಕೇ?" ಎನ್ನಬಹುದು. ಇಬ್ಬರ ಮಾತಿನಲ್ಲೂ ಅರ್ಥವಿದೆ. ಆದ್ದರಿಂದಲೇ ನಿಯಮವನ್ನು ಮತ ಹಾಕಿದ ಮೇಲಲ್ಲ, ಮೊದಲೇ ಎಲ್ಲರಿಗೂ ತಿಳಿಸಿರಬೇಕು.

4. ಯಾವ ಭಾಷೆಯಲ್ಲಿ ಹಾಡಬೇಕು?

ಈಗ ಮುಖ್ಯ ವಿಷಯಕ್ಕೆ ಬರೋಣ. 1965ರಲ್ಲಿ ಸ್ವೀಡನ್ ತನ್ನ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿಸಿತು. ಇದು ಚರ್ಚೆಗೆ ಕಾರಣವಾಗಿ, ಪ್ರತಿ ದೇಶವೂ ತನ್ನ ಭಾಷೆಯಲ್ಲೇ ಹಾಡಬೇಕು ಎಂಬ ನಿಯಮ 1966ರಿಂದ ಬಂತು. 1973ರಲ್ಲಿ ಆ ನಿಯಮ ಸಡಿಲವಾಯಿತು. ಮರುವರ್ಷವೇ ಸ್ವೀಡನ್ನಿನ ಅಬ್ಬಾ ತಂಡ 'ವಾಟರ್‌ಲೂ' ಎಂಬ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿ ಗೆದ್ದು ಲೋಕಪ್ರಸಿದ್ಧವಾಯಿತು. 1977ರಲ್ಲಿ ನಿಯಮ ಮತ್ತೆ ಬಂತು. ಇಂಗ್ಲಿಷ್ ಮಾತನಾಡುವ ದೇಶಗಳಿಗೆ ಇದು ಅನುಕೂಲ ಎಂಬ ಗೊಣಗಾಟ ಶುರುವಾಯಿತು. ಐರ್ಲೆಂಡ್ 1992, 1993, 1994ರಲ್ಲಿ ಸತತ ಮೂರು ಬಾರಿ ಗೆದ್ದಾಗ ಆ ಗೊಣಗಾಟ ಹೆಚ್ಚಾಗದೆ ಇದ್ದೀತೇ? ಕೊನೆಗೆ 1999ರಿಂದ ಯಾವ ಭಾಷೆಯಲ್ಲಾದರೂ ಹಾಡಬಹುದು ಎಂದಾಯಿತು.

ಅದೇ 1999ರಲ್ಲಿ ಸ್ವೀಡನ್ನಿನ ಜನ ಆರಿಸಿದ್ದು ಸ್ವೀಡಿಷ್ ಭಾಷೆಯ ಹಾಡನ್ನು. ಆದರೆ ಜೆರುಸಲೇಮಿನ ಯೂರೋವಿಷನ್ ವೇದಿಕೆಗೆ ಹೋಗುವಾಗ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಹೊಂದಿಸಲಾಯಿತು. ಹಾಡು ಗೆದ್ದಿತು! ಆಮೇಲೆ ಹೇಳಬೇಕೇ? ಮುಂದಿನ ಕಾಲು ಶತಮಾನ ಸ್ವೀಡನ್ ಕಳುಹಿಸಿದ ಒಂದು ಹಾಡೂ ಸ್ವೀಡಿಷಿನಲ್ಲಿ ಇರಲಿಲ್ಲ. 2012, 2015, 2023ರಲ್ಲಿ ಇಂಗ್ಲಿಷ್ ಹಾಡುಗಳಿಂದಲೇ ಗೆಲುವು ಬಂತು. ಸ್ವೀಡನ್ನಿನ ಒಟ್ಟು ಏಳು ಗೆಲುವುಗಳಲ್ಲಿ ಸ್ವೀಡಿಷಿನಲ್ಲಿ ಹಾಡಿ ಬಂದದ್ದು 1984 ಮತ್ತು 1991ರ ಎರಡು ಮಾತ್ರ. "ಹೊರಗಿನವರಿಗೆ ನಮ್ಮ ಭಾಷೆ ತಿಳಿಯುವುದಿಲ್ಲ, ಇಂಗ್ಲಿಷೇ ಕ್ಷೇಮ" ಎಂಬ ಮಾತು ಹೀಗೆ ಗಟ್ಟಿಯಾಯಿತು.

5. ಗಡಿಯಾಚೆಯಿಂದ ಬಂದ ಮೂವರು

2025ರ ಮೆಲೋಡಿಫೆಸ್ಟಿವಾಲೆನ್‌ನಲ್ಲಿ ಮೊನ್ಸ್ ಸೆಲ್ಮರ್‌ಲೋವ್ ಮತ್ತೆ ಸ್ಪರ್ಧಿಸಿದರು. ಇವರು 2015ರಲ್ಲಿ ಯೂರೋವಿಷನ್ ಗೆದ್ದವರು. ಗೆಲುವು ಅವರದೇ ಎಂದು ಹಲವರು ಎಣಿಸಿದ್ದರು. ಆದರೆ ಮಾರ್ಚ್ 8ರ ರಾತ್ರಿ ಗೆದ್ದದ್ದು 'ಕಾಯ್' ಎಂಬ ತಂಡ.

ಕೆವಿನ್, ಆಕ್ಸೆಲ್, ಯಾಕೋಬ್ ಎಂಬ ಮೂವರು ಗೆಳೆಯರ ಹೆಸರುಗಳ ಮೊದಲ ಅಕ್ಷರಗಳಾದ ಕೆ, ಎ, ಜೆ ಸೇರಿ ಆ ಹೆಸರಾಗಿದೆ. ಸ್ವೀಡಿಷಿನಲ್ಲಿ 'ಜೆ' ಅಕ್ಷರಕ್ಕೆ 'ಯ' ಎಂಬ ಉಚ್ಚಾರಣೆ ಇರುವುದರಿಂದ ಅದು 'ಕಾಯ್'. ಈ ಮೂವರು ಸ್ವೀಡನ್ನಿನವರೇ ಅಲ್ಲ! ನೆರೆಯ ಫಿನ್ಲೆಂಡ್ ದೇಶದ ವೋರೋ ಎಂಬ ಹಳ್ಳಿಗಾಡಿನವರು.

ಹಾಗಾದರೆ ಅವರು ಸ್ವೀಡಿಷ್ ಮಾತನಾಡುವುದು ಹೇಗೆ? ಸ್ವಲ್ಪ ಇತಿಹಾಸ ನೋಡೋಣ. ಫಿನ್ಲೆಂಡ್ 1809ರವರೆಗೆ ಸ್ವೀಡನ್ನಿನ ಭಾಗವಾಗಿತ್ತು. ಆಮೇಲೆ ರಷ್ಯಾದ ಆಳ್ವಿಕೆಗೆ ಹೋಗಿ 1917ರಲ್ಲಿ ಸ್ವತಂತ್ರವಾಯಿತು. ಗಡಿ ಸರಿದರೂ ಅಲ್ಲಿದ್ದ ಸ್ವೀಡಿಷ್ ಭಾಷಿಕರು ಅಲ್ಲಿಯೇ ಉಳಿದರು. ಇಂದು ಅವರು ಮೂರು ಲಕ್ಷಕ್ಕೂ ಕಡಿಮೆ, ಆ ದೇಶದ ಜನಸಂಖ್ಯೆಯ ಸುಮಾರು ಶೇಕಡಾ 5 ಮಾತ್ರ. ಆದರೂ ಫಿನ್ನಿಷ್ ಜೊತೆಗೆ ಸ್ವೀಡಿಷ್ ಕೂಡ ಅಲ್ಲಿನ ರಾಷ್ಟ್ರಭಾಷೆ. ಸ್ವೀಡಿಷ್ ಮಾಧ್ಯಮದ ಶಾಲೆಗಳೂ ಇವೆ. ಇವೆರಡೂ ಬೇರೆ ಬೇರೆ ಭಾಷಾ ಕುಟುಂಬಗಳಿಗೆ ಸೇರಿದವು, ನಮ್ಮ ಕನ್ನಡ ಮತ್ತು ಹಿಂದಿಯ ಹಾಗೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಅಲ್ಲಿನ ಕನ್ನಡಿಗರು ತಮ್ಮ ಕನ್ನಡ ಶಾಲೆಗಳನ್ನು ಉಳಿಸಿಕೊಂಡು ಬಂದುದನ್ನು ಬಲ್ಲವರಿಗೆ ಈ ಸ್ಥಿತಿ ಬೇಗ ಅರ್ಥವಾಗುತ್ತದೆ.

ವೋರೋದ ಮಾತು ಪುಸ್ತಕದ ಸ್ವೀಡಿಷ್ ಅಲ್ಲ. ಸ್ಟಾಕ್‌ಹೋಮಿನವರಿಗೂ ಸಲೀಸಾಗಿ ತಿಳಿಯದ ಹಳ್ಳಿಯ ಆಡುಮಾತು. ಕಾಯ್ ತಂಡ ಹಾಡಿದ್ದು ಆ ಮಾತಿನಲ್ಲೇ, ನಡುನಡುವೆ ಫಿನ್ನಿಷ್ ಪದಗಳನ್ನೂ ಸೇರಿಸಿ. ಹಾಡಿನ ಹೆಸರು 'ಬಾರಾ ಬಾದಾ ಬಾಸ್ತು'. 'ಬಾರಾ' ಎಂದರೆ ಬರೀ, 'ಬಾದಾ' ಎಂದರೆ ಸ್ನಾನ ಮಾಡು, 'ಬಾಸ್ತು' ಎಂದರೆ ಸೌನಾ, ಅಂದರೆ ಕಾದ ಕಲ್ಲಿನ ಮೇಲೆ ನೀರೆರಚಿ ಆವಿಯಲ್ಲಿ ಬೆವರುವ ಮರದ ಕೋಣೆ. (ಸ್ವೀಡಿಷಿನ 'ಬಾರಾ', ಕನ್ನಡದ 'ಬರೀ' ಎರಡಕ್ಕೂ ಒಂದೇ ಅರ್ಥ! ಆದರೆ ಇದು ಬರೀ ಕಾಕತಾಳೀಯ, ಅವುಗಳ ನಡುವೆ ನಂಟು ಹುಡುಕಬೇಡಿ.) ಸೌನಾ ಫಿನ್ಲೆಂಡಿನ ಜನಜೀವನದ ಉಸಿರು. ಅಲ್ಲಿನ ಸೌನಾ ಸಂಸ್ಕೃತಿಯನ್ನು ಯುನೆಸ್ಕೋ 2020ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದೆ.

ಹೀಗೆ ಸ್ವೀಡನ್ 1998ರ ನಂತರ ಮೊದಲ ಬಾರಿಗೆ ಸ್ವೀಡಿಷ್ ಹಾಡನ್ನು ಕಳುಹಿಸಿತು. ಅದನ್ನು ತಂದುಕೊಟ್ಟವರು ಗಡಿಯಾಚೆಯವರು. ಮೇ 17ರಂದು ಬಾಸೆಲ್‌ನಲ್ಲಿ ಆಸ್ಟ್ರಿಯಾ ಮೊದಲ ಸ್ಥಾನ ಪಡೆಯಿತು. ಕಾಯ್ ತಂಡ 321 ಅಂಕಗಳೊಂದಿಗೆ ನಾಲ್ಕನೆಯದಾಯಿತು. ಆಸ್ಟ್ರಿಯಾದ ಗಾಯಕ ಹಾಡಿದ್ದು ಇಂಗ್ಲಿಷಿನಲ್ಲಿ ಎಂಬುದನ್ನೂ ಮುಚ್ಚಿಡಬಾರದು.

6. ನಾವು ಕಲಿಯಬೇಕಾದದ್ದು

ತಾಯ್ನುಡಿಯಲ್ಲಿ ಹಾಡಿದರೆ ಗೆಲುವು ಖಚಿತ ಎಂದು ಈ ಪಾಠ ಹೇಳುವುದಿಲ್ಲ. ಹಾಗೆಂದು ಸೋಲೂ ಖಚಿತವಲ್ಲ. ಸೆರ್ಬಿಯಾ 2007ರಲ್ಲಿ, ಪೋರ್ಚುಗಲ್ 2017ರಲ್ಲಿ, ಇಟಲಿ 2021ರಲ್ಲಿ, ಉಕ್ರೇನ್ 2022ರಲ್ಲಿ ತಮ್ಮ ತಮ್ಮ ಭಾಷೆಯ ಹಾಡುಗಳಿಂದಲೇ ಗೆದ್ದಿವೆ.

ಹೊರನಾಡಿನಲ್ಲಿ ಬೆಳೆಯುವ ನಿಮಗೆ ಇದು ಹತ್ತಿರದ ವಿಷಯ. ಕನ್ನಡ ತರಗತಿಯಲ್ಲಿ ಒಬ್ಬರ ಮನೆಮಾತು ಧಾರವಾಡದ ಕಡೆಯದು, ಒಬ್ಬರದು ಮಂಗಳೂರಿನದು, ಇನ್ನೊಬ್ಬರದು ಕುಂದಾಪುರದ್ದು, ಮತ್ತೊಬ್ಬರದು ಮೈಸೂರಿನದು. ತರಗತಿಯಲ್ಲಿ ಅದನ್ನು ಆಡಲು ಹಲವರಿಗೆ ಸಂಕೋಚ. "ನಮ್ಮ ಮನೆಯ ಕನ್ನಡ ಸರಿಯಿಲ್ಲ ಟೀಚರ್" ಎನ್ನುವ ಮಕ್ಕಳೂ ಇದ್ದಾರೆ. ಮಕ್ಕಳೇ, ಪರೀಕ್ಷೆಯ ಉತ್ತರವನ್ನು ಗ್ರಂಥಭಾಷೆಯಲ್ಲಿ ಬರೆಯಬೇಕು, ನಿಜ. ಅದನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ಅಜ್ಜಿ ಆಡುವ ಮಾತು ತಪ್ಪು ಮಾತಲ್ಲ. ಅದು ಇನ್ನೊಂದು ಬಗೆಯ ಸರಿಯಾದ ಮಾತು. ಬರೀ ಮೂರು ಲಕ್ಷ ಜನರ ನುಡಿಯ ಒಂದು ಹಳ್ಳಿಯ ಧಾಟಿಯನ್ನು ಒಂದು ಇಡೀ ದೇಶ "ಇದು ನಮ್ಮ ಹಾಡು" ಎಂದು ಆರಿಸಿ ಕಳುಹಿಸಿದೆ. ಕೋಟಿಗಟ್ಟಲೆ ಜನರ ನುಡಿಯವರಾದ ನಮಗೆ ಸಂಕೋಚವೇಕೆ?

ಇನ್ನೊಂದು ಮಾತು. ಕಾಯ್ ತಂಡದವರು ಬೇರೆಯವರನ್ನು ಮೆಚ್ಚಿಸಲು ತಮ್ಮ ಮಾತನ್ನು ಬದಲಿಸಿಕೊಳ್ಳಲಿಲ್ಲ. ಆದರೆ ಕೇಳುವವರನ್ನು ಮರೆಯಲೂ ಇಲ್ಲ. ಮಾತು ತಿಳಿಯದವರಿಗೂ ತಿಳಿಯುವಂತೆ ವೇದಿಕೆಯ ಮೇಲೆ ಸೌನಾದ ದೃಶ್ಯವನ್ನೇ ತಂದರು, ನಗಿಸಿದರು, ಕುಣಿಸಿದರು. ಊಟವೂ ತನ್ನಿಚ್ಛೆಯಾಯಿತು, ನೋಟವೂ ಪರರಿಗೆ ಹಿತವಾಯಿತು. ಶಾಲೆಯ ಕಾರ್ಯಕ್ರಮಗಳಲ್ಲಿ ಕನ್ನಡ ಬಾರದ ಗೆಳೆಯರ ಮುಂದೆ ನೀವು ಕನ್ನಡ ಹಾಡು ಹಾಡುವಾಗಲೂ ಈ ದಾರಿಯನ್ನು ಅನುಸರಿಸಬಹುದು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಯೂರೋವಿಷನ್ ಸ್ಪರ್ಧೆ ಮೊದಲು ನಡೆದದ್ದು ಎಲ್ಲಿ, ಯಾವಾಗ?
2. 'ಕಾಯ್' ಎಂಬ ಹೆಸರು ಹೇಗೆ ಬಂತು?
3. ಫಿನ್ಲೆಂಡಿನ ಎರಡು ರಾಷ್ಟ್ರಭಾಷೆಗಳು ಯಾವುವು?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿ.
1. 1999ರ ಗೆಲುವು ಸ್ವೀಡನ್ನಿನ ಹಾಡುಗಳ ಭಾಷೆಯ ಮೇಲೆ ಯಾವ ಪರಿಣಾಮ ಬೀರಿತು?
2. ಮತಗಳನ್ನು ಗುಂಪುಗಳಾಗಿ ಎಣಿಸುವುದು ನ್ಯಾಯವೇ? ನಿಮ್ಮ ಅಭಿಪ್ರಾಯಕ್ಕೆ ಕಾರಣ ಕೊಡಿ.

ಇ) ಚಟುವಟಿಕೆ.
1. ಭಾರತ ಇಂಥದೊಂದು ಸ್ಪರ್ಧೆಗೆ ಒಂದೇ ಹಾಡು ಕಳುಹಿಸಬೇಕಾದರೆ ಅದು ಯಾವ ಭಾಷೆಯಲ್ಲಿರಬೇಕು, ಯಾರು ಆರಿಸಬೇಕು? ತರಗತಿಯಲ್ಲಿ ಚರ್ಚಿಸಿ, ಐದು ನಿಯಮಗಳನ್ನು ಬರೆಯಿರಿ.
2. ನಿಮ್ಮ ಅಜ್ಜಿ ಅಥವಾ ಅಜ್ಜನಿಗೆ ಫೋನ್ ಮಾಡಿ. ನಿಮ್ಮ ಪಠ್ಯಪುಸ್ತಕದಲ್ಲಿಲ್ಲದ, ನಿಮ್ಮ ಊರಿನ ಕಡೆ ಮಾತ್ರ ಬಳಸುವ ಹತ್ತು ಕನ್ನಡ ಪದಗಳನ್ನು ಅರ್ಥಸಹಿತ ಕೇಳಿ ಬರೆದುಕೊಂಡು ಬನ್ನಿ. ತರಗತಿಯಲ್ಲಿ ಓದುವಾಗ ಅವರು ಉಚ್ಚರಿಸಿದಂತೆಯೇ ಉಚ್ಚರಿಸಿ.